ಪ್ರತಿಬಂಧವೂ ಪೈಪೋಟಿಯೂ : ಮೈಸೂರಿನಿಂದ ಚೀನಾದವರೆಗೆ

ತಿಪಟೂರಿನ ಮಾರುಕಟ್ಟೆಗೆ ಉಂಡೆ ಕೊಬ್ಬರಿಯನ್ನು ತರುವ ರೈತನು ಚೀಲ ಹೊಲಿಯುವ ಮೊದಲು ದರವನ್ನು ವಿಚಾರಿಸುವುದು ನಮ್ಮ ಸೀಮೆಯ ಹಳೆಯ ರೂಢಿ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕಾಯಿಯನ್ನು ಒಣಗಿಸಿ, ಸುಲಿದು, ಚಿಪ್ಪು ಬಿಡಿಸಿ, ಉಂಡೆ ಕೆಡದಂತೆ ತೆಗೆದ ಶ್ರಮವೆಲ್ಲ ಆ ಒಂದು ದಿನದ ದರದ ಮೇಲೆ ನಿಂತಿರುತ್ತದೆ. ಹಿಂದೆ ಆತನು ಮಂಡಿಯವನನ್ನು ಕೇಳುತ್ತಿದ್ದನು. ಮಂಡಿಯವನ ಮಾತಿನಲ್ಲಿ ಸಂಶಯ ಬಂದರೆ ಸಂತೆಯಿಂದ ಮರಳಿದ ನೆರೆಯವನನ್ನು ಕೇಳುತ್ತಿದ್ದನು. ಎರಡು ಬಾಯಿಗಳಿಂದ ಬಂದ ಮಾತನ್ನು ತಾಳೆ ನೋಡುವುದೇ ಆತನಿಗಿದ್ದ ರಕ್ಷೆ. ಈಗ ಮನೆಯ ಹುಡುಗನು ಮೊಬೈಲಿನಲ್ಲಿ ಎರಡು ಪದ ಬರೆದು ದರ ಹೇಳಿಬಿಡುತ್ತಾನೆ. ಆ ಎರಡು ಪದಗಳಿಗೆ ಉತ್ತರ ಕೊಡುವವನು ಯಾರು? ಅವನು ಹೇಳದೆ ಬಿಟ್ಟುದೇನು? ಬಿಟ್ಟಿದ್ದಾನೆಂಬುದಾದರೂ ಕೇಳಿದವನಿಗೆ ತಿಳಿಯುವ ಬಗೆ ಹೇಗೆ? ಕೊಬ್ಬರಿಯ ದರವನ್ನು ಮುಚ್ಚಿಡುವ ಹಂಗು ಯಾವ ಪ್ರಭುತ್ವಕ್ಕೂ ಇರಲಾರದು. ಆದರೆ ಅದೇ ಪೆಟ್ಟಿಗೆಯಲ್ಲಿ ರೋಗಕ್ಕೆ ಮದ್ದನ್ನೂ ದೇಶದ ವೃತ್ತಾಂತವನ್ನೂ ಹುಡುಕುವ ಕಾಲವಿದು. ವಾಚಕ ಮಹಾಶಯರು ಈ ಪ್ರಶ್ನೆಗಳನ್ನು ಯಂತ್ರವಿದ್ಯೆಗೆ ಸೇರಿದವೆಂದು ಬದಿಗಿಡಬಾರದು. ಇವು ಚರಿತ್ರೆಗೆ ಸೇರಿದವು, ನಮ್ಮ ನಾಡಿನ ಚರಿತ್ರೆಗೂ ಸೇರಿದವು.

1908ರಲ್ಲಿ, ವಿ. ಪಿ. ಮಾಧವರಾಯರು ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನವು ವೃತ್ತಪತ್ರಿಕೆಗಳ ಮೇಲೆ ಒಂದು ಕಾಯಿದೆಯನ್ನು ತಂದಿತು. ಸರ್ಕಾರದ ಅನುಮತಿಯಿಲ್ಲದೆ ಪತ್ರಿಕೆ ಹೊರಡಿಸಕೂಡದು. ಕೊಟ್ಟ ಅನುಮತಿಯನ್ನು ಸರ್ಕಾರ ಹಿಂದಕ್ಕೆ ಪಡೆಯಬಹುದು ಎಂಬುದು ಅದರ ತಿರುಳು. ಮರಿಮಲ್ಲಪ್ಪನವರ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿ ಖ್ಯಾತಿ ಪಡೆದ, ಜನರು ತಾತಯ್ಯನೆಂದು ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಆಗ ವೃತ್ತಾಂತ ಚಿಂತಾಮಣಿ, ಮೈಸೂರು ಹೆರಾಲ್ಡ್ ಮೊದಲಾದ ಪತ್ರಿಕೆಗಳ ಜೀವಾಳವಾಗಿದ್ದರು. ಅಪ್ಪಣೆ ಬೇಡಿ ಬರೆಯುವುದಕ್ಕಿಂತ ಬರೆಯದಿರುವುದೇ ಲೇಸೆಂದು ಅವರು ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ಅಂಚೆಯವನ ಕೈಯಲ್ಲಿ ಪತ್ರಿಕೆ ಬಾರದೆ ಹೋದಾಗ ಚಂದಾದಾರನಿಗೆ ಅದು ಬಾರದಿರುವುದು ತಿಳಿಯಿತು. ಏಕೆ ಬರಲಿಲ್ಲವೆಂದು ಆತನು ನಾಲ್ವರನ್ನು ಕೇಳಿದನು. ಮೌನಕ್ಕೂ ಅಲ್ಲಿ ಒಂದು ಸದ್ದಿತ್ತು.

1975ರ ಜೂನ್ ತಿಂಗಳ ತುರ್ತುಪರಿಸ್ಥಿತಿಯನ್ನು ನಮ್ಮ ಮಠದ ಹಿರಿಯ ಹಳೆಯ ವಿದ್ಯಾರ್ಥಿಗಳು ಮರೆತಿರಲಾರರು. ಅಚ್ಚಿಗೆ ಮುನ್ನವೇ ಬರಹವನ್ನು ಅಧಿಕಾರಿಗೆ ತೋರಿಸಬೇಕೆಂಬ ಆಜ್ಞೆಯಾದಾಗ, ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆಯು ಸಂಪಾದಕೀಯದ ಸ್ಥಳವನ್ನು ಬರಿದಾಗಿ ಬಿಟ್ಟು ಹೊರಬಂದಿತು. ಆ ಬಿಳಿಯ ಸ್ಥಳವನ್ನು ಓದಲು ಅಕ್ಷರಜ್ಞಾನವೂ ಬೇಕಾಗಿರಲಿಲ್ಲ. ಅನಂತರ ಪ್ರತಿಬಂಧದ ಅಧಿಕಾರಿಗಳು ಸಂಪಾದಕೀಯದ ಸ್ಥಳವನ್ನು ಖಾಲಿ ಬಿಡಕೂಡದೆಂದೇ ಸೂಚನೆ ಹೊರಡಿಸಿದರು. ಬರಹವನ್ನು ತಡೆದದ್ದು ಸಾಲದೆ, ತಡೆದದ್ದರ ಗುರುತನ್ನೂ ತಡೆಯಬೇಕೆಂದು ಅವರಿಗೆ ತೋರಿತಲ್ಲವೆ? ಈ ಲೇಖನದ ಮರ್ಮವೆಲ್ಲ ಆ ಎರಡನೆಯ ಆಜ್ಞೆಯಲ್ಲಿದೆ.

ಶಾಸನಾಭ್ಯಾಸ ಮಾಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ರೈಸ್ ಸಾಹೇಬರ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳಲ್ಲಿ ಕಲ್ಲು ಸವೆದು ಓದಲಾಗದ ಕಡೆಗಳಲ್ಲಿ ಚುಕ್ಕಿಗಳನ್ನಿಟ್ಟಿರುವುದನ್ನು ಕಾಣುತ್ತೇವೆ. ಆ ಚುಕ್ಕಿಗಳು ಸಂಶೋಧಕನಿಗೆ ಉಪಕಾರಿ. ಇಲ್ಲಿ ಏನೋ ಇತ್ತು ಎಂದಾದರೂ ಅವು ಸಾಕ್ಷಿ ಹೇಳುತ್ತವೆ. ಅಕ್ಷರ ಅಳಿಸಿದ ಕಲ್ಲಿನ ಮೇಲೆ ನುಣುಪಾಗಿ ಹೊಸ ಪಾಠವನ್ನು ಕೆತ್ತಿಬಿಟ್ಟರೆ ಮುಂದಿನವನು ಮೋಸಹೋಗುತ್ತಾನೆ. ಇನ್ನೊಂದು ಊರಿನಲ್ಲಿ ಅದೇ ಪಾಠದ ಇನ್ನೊಂದು ಕಲ್ಲು ದೊರೆತರೆ ಮಾತ್ರ ಮೋಸ ಬಯಲಾಗುತ್ತದೆ.

ಈಗ ಚೀನಾಕ್ಕೆ ಬರೋಣ. ಆ ದೇಶವು ವಿಶ್ವದ ಅಂತರ್ಜಾಲಕ್ಕೆ ಪೂರ್ಣವಾಗಿ ಸೇರಿದ್ದು 1994ರ ಏಪ್ರಿಲಿನಲ್ಲಿ. 2000ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಅಲ್ಲಿಯ ಸರ್ಕಾರವು ಅಂತರ್ಜಾಲದಲ್ಲಿ ಸುದ್ದಿ ಮಾಹಿತಿಗಳನ್ನು ಕೊಡುವ ಸಂಸ್ಥೆಗಳಿಗೆ ಪರವಾನಗಿಯನ್ನು ಕಡ್ಡಾಯ ಮಾಡಿತು. ಏನನ್ನು ಪ್ರಕಟಿಸಕೂಡದೆಂಬ ಒಂಬತ್ತು ಬಗೆಯ ನಿಷೇಧಗಳನ್ನು ಅದಕ್ಕೆ ಸೇರಿಸಿತು. 1908ರ ಮೈಸೂರನ್ನು ಬಲ್ಲವರಿಗೆ ಇದರ ಮೊದಲ ಭಾಗ ಹೊಸದಲ್ಲ. ಹೊಸದು ಇನ್ನೊಂದು. ಗಡಿಯಾಚೆಯ ತಾಣಗಳು ಒಳಗಿನವರಿಗೆ ತಲುಪದಂತೆ ಜಾಲದ ಹೆಬ್ಬಾಗಿಲುಗಳಲ್ಲೇ ತಡೆಯುವ ಏರ್ಪಾಡನ್ನು ಅಲ್ಲಿಯವರು ಕಟ್ಟಿದರು. ತಾಣದ ಹೆಸರನ್ನು ಕೇಳಿದರೆ ಸುಳ್ಳು ವಿಳಾಸ ಕೊಡುವುದು, ಸಾಗುವ ಮಾತಿನಲ್ಲಿ ನಿಷಿದ್ಧ ಪದ ಕಂಡೊಡನೆ ಸಂಪರ್ಕವನ್ನೇ ಕಡಿಯುವುದು ಇದರ ಕೆಲವು ಉಪಾಯಗಳು. ಚೀನಾದ ಪ್ರಾಚೀನ ಗೋಡೆಯನ್ನು ನೆನೆದು ಲೋಕವು ಇದನ್ನೂ ಮಹಾಗೋಡೆ ಎಂದೇ ಕರೆಯಿತು. ಹಳೆಯ ಗೋಡೆ ಕಣ್ಣಿಗೆ ಕಾಣುತ್ತಿತ್ತು. ಹೊಸ ಗೋಡೆಗೆ ತಗುಲಿದವನಿಗೆ ತಾಣವೇ ಕೆಟ್ಟಿದೆಯೋ, ತನ್ನ ಯಂತ್ರವೇ ಕೆಟ್ಟಿದೆಯೋ ಎಂಬ ಭ್ರಮೆಯಾಗುತ್ತದೆ.

ಅದೇ 2000ನೆಯ ಇಸವಿಯ ಆರಂಭದಲ್ಲಿ ರಾಬಿನ್ ಲೀ ಮತ್ತು ಎರಿಕ್ ಷೂ ಎಂಬವರು ಬೀಜಿಂಗಿನಲ್ಲಿ ಬೈದು ಎಂಬ ಶೋಧಯಂತ್ರದ ಕಂಪನಿಯನ್ನು ಸ್ಥಾಪಿಸಿದರು. ಕನ್ನಡದ ಕಿವಿಗೆ ಈ ಹೆಸರು ಜಗಳದ ನೆನಪು ತರುವುದಾದರೂ ಅದರ ಅರ್ಥ ‘ನೂರು ಸಲ’ ಎಂದು. ಸುಂಗ್ ವಂಶದ ಕಾಲದ ಒಂದು ಕವಿತೆಯಿಂದ ಅದನ್ನು ಆರಿಸಿದರು. ಲೀ ಸಾಮಾನ್ಯ ವ್ಯಾಪಾರಿಯಲ್ಲ. ಅಮೆರಿಕದಲ್ಲಿ ಓದಿ, ಒಂದು ಪುಟಕ್ಕೆ ಎಷ್ಟು ಪುಟಗಳು ಕೊಂಡಿ ಹಾಕಿವೆ ಎಂಬುದರಿಂದ ಅದರ ಯೋಗ್ಯತೆಯನ್ನಳೆಯುವ ವಿಧಾನವನ್ನು 1996ರಲ್ಲೇ ರೂಪಿಸಿದ್ದವರು. ಪದಗಳ ನಡುವೆ ತೆರಪಿಲ್ಲದೆ ಬರೆಯುವ ಚೀನೀ ಲಿಪಿಯಲ್ಲಿ ಪದ ಬಿಡಿಸುವುದೇ ಒಂದು ವಿದ್ಯೆ. ಬೈದು ಅದರಲ್ಲಿ ಪಳಗಿತ್ತು. ಗೋಡೆಯೊಂದೇ ಬೈದುವನ್ನು ಬೆಳೆಸಿತೆಂದು ಹೇಳುವುದು ನ್ಯಾಯವಲ್ಲ.

ಆದರೆ ಗೋಡೆ ಸುಮ್ಮನೆ ನಿಂತಿರಲೂ ಇಲ್ಲ. 2002ರ ಸೆಪ್ಟೆಂಬರಿನಲ್ಲಿ ಚೀನಾದಲ್ಲಿ ಗೂಗಲ್ ಹಠಾತ್ತನೆ ಎರಡು ವಾರಗಳ ಕಾಲ ಸಿಕ್ಕದಂತಾಯಿತು. ಗೂಗಲ್ಲಿನ ವಿಳಾಸ ಬರೆದವರು ಸ್ಥಳೀಯ ಶೋಧಯಂತ್ರಗಳ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದರು. ನಮ್ಮ ಪೇಟೆಯಲ್ಲಿ ಒಂದು ಅಂಗಡಿಗೆ ಹೊರಟ ಗಿರಾಕಿಯನ್ನು ಕಾವಲುಗಾರನೇ ಕೈಹಿಡಿದು ಎದುರಂಗಡಿಗೆ ಕರೆದೊಯ್ದಂತೆ! ತಡೆ ತೆರವಾದ ಮೇಲೂ ಹೊರಗಿನಿಂದ ಬರುವ ಗೂಗಲ್ ತಡವರಿಸುತ್ತಿತ್ತು. ಹುಡುಕುವವನಿಗೆ ತಾಳ್ಮೆ ಕಡಿಮೆ, ಎದುರಂಗಡಿಯೇ ರೂಢಿಯಾಯಿತು.

2006ರ ಜನವರಿಯಲ್ಲಿ ಗೂಗಲ್ ಒಂದು ಒಪ್ಪಂದಕ್ಕೆ ಬಂದಿತು. ಚೀನಾದ ಒಳಗೇ ಒಂದು ತಾಣವನ್ನು ತೆರೆದು, ಅಲ್ಲಿಯ ಪ್ರತಿಬಂಧವನ್ನು ತಾನೇ ಪಾಲಿಸಲು ಒಪ್ಪಿತು. ಸ್ವಾರಸ್ಯದ ಸಂಗತಿಯೆಂದರೆ ಸರ್ಕಾರವು ನಿಷಿದ್ಧ ತಾಣಗಳ ಪಟ್ಟಿಯನ್ನು ಯಾರಿಗೂ ಕೊಡುತ್ತಿರಲಿಲ್ಲ. ಗೂಗಲ್ಲಿನವರು ಚೀನಾದ ಒಳಗೆ ಗಣಕಯಂತ್ರಗಳನ್ನಿಟ್ಟು, ಯಾವ ತಾಣ ತೆರೆಯುವುದಿಲ್ಲವೆಂಬುದನ್ನು ಒಂದೊಂದಾಗಿ ಪರೀಕ್ಷಿಸಿ, ಪಟ್ಟಿಯನ್ನು ತಾವೇ ತಯಾರಿಸಿಕೊಂಡರು. ಒಡೆಯನು ಬಾಯಿಬಿಡದೆ ಆಳು ಮನಸ್ಸರಿತು ನಡೆಯುವ ಈ ಪದ್ಧತಿಯಲ್ಲಿ ಆಳು ಯಾವಾಗಲೂ ಒಂದು ಗೇಣು ಹೆಚ್ಚೇ ಕತ್ತರಿಸುತ್ತಾನೆ. ಆದರೂ ಗೂಗಲ್ ಒಂದು ಮರ್ಯಾದೆಯನ್ನುಳಿಸಿಕೊಂಡಿತು. ಸ್ಥಳೀಯ ಕಾನೂನಿಗನುಸಾರವಾಗಿ ಕೆಲವು ಫಲಿತಾಂಶಗಳನ್ನು ತೋರಿಸಿಲ್ಲವೆಂಬ ಒಂದು ಸಾಲನ್ನು ಪುಟದ ಅಡಿಯಲ್ಲಿ ಹಾಕುತ್ತಿತ್ತು. ಶಾಸನದ ಚುಕ್ಕಿಗಳೆಂದರೆ ಇವೇ.

ಎರಡು ಕಲ್ಲುಗಳನ್ನು ತಾಳೆ ನೋಡುವ ಕೆಲಸವೂ ಆಗಲೇ ನಡೆಯಿತು. ಬೀಜಿಂಗಿನ ತಿಯಾನನ್‌ಮೆನ್ ಚೌಕದ ಹೆಸರನ್ನು ಚೀನಾದ ಗೂಗಲ್ಲಿನಲ್ಲಿಯೂ ಹೊರಗಿನ ಗೂಗಲ್ಲಿನಲ್ಲಿಯೂ ಕೊಟ್ಟು ಚಿತ್ರಗಳನ್ನು ಹುಡುಕಿದ ಜನರು ಬೆರಗಾದರು. ಹೊರಗಿನದರಲ್ಲಿ 1989ರ ಟ್ಯಾಂಕುಗಳು. ಒಳಗಿನದರಲ್ಲಿ ನಗುವ ಪ್ರವಾಸಿಗರು. ಒಂದೇ ಕಂಪನಿ, ಒಂದೇ ಪದ, ಎರಡು ಲೋಕ. ಆ ವರ್ಷದ ಫೆಬ್ರವರಿಯಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯು ಗೂಗಲ್, ಯಾಹೂ, ಮೈಕ್ರೋಸಾಫ್ಟ್, ಸಿಸ್ಕೋ ಕಂಪನಿಗಳನ್ನು ಕರೆಸಿ ಪ್ರಶ್ನಿಸಿತು. ಯಾಹೂವಿನ ಸ್ಥಿತಿ ಇನ್ನೂ ಶೋಚನೀಯವಾಗಿತ್ತು. ಅದು ಒದಗಿಸಿದ ಮಾಹಿತಿಯ ಆಧಾರದ ಮೇಲೆ ಷಿ ತಾವ್ ಎಂಬ ಪತ್ರಕರ್ತನಿಗೆ 2005ರಲ್ಲಿ ಹತ್ತು ವರ್ಷಗಳ ಸೆರೆವಾಸ ವಿಧಿಸಲಾಗಿತ್ತು.

2010ರ ಜನವರಿ 12ರಂದು ಗೂಗಲ್, ತನ್ನ ಯಂತ್ರಗಳ ಮೇಲೆ ಚೀನಾದಿಂದ ದಾಳಿ ನಡೆದಿದೆಯೆಂದೂ ಇನ್ನು ಮುಂದೆ ಫಲಿತಾಂಶಗಳನ್ನು ಕತ್ತರಿಸಲಾರೆನೆಂದೂ ಸಾರಿತು. ಮಾರ್ಚ್ 22ರಂದು ತನ್ನ ಹುಡುಕಾಟವನ್ನು ಹಾಂಗ್‌ಕಾಂಗಿಗೆ ತಿರುಗಿಸಿತು. ಆಗ ಅದರ ಕೈಯಲ್ಲಿ ಆ ಪೇಟೆಯ ಮೂರರಲ್ಲಿ ಒಂದು ಪಾಲಿನಷ್ಟಿತ್ತು. ಉಳಿದುದರ ಬಹುಭಾಗ ಬೈದುವಿನದು. ಕಂಪನಿಯ ಸ್ಥಾಪಕರಲ್ಲೊಬ್ಬರಾದ ಸೆರ್ಗೆ ಬ್ರಿನ್ ಸೋವಿಯತ್ ರಷ್ಯದಲ್ಲಿ ಹುಟ್ಟಿದವರು. ಅಲ್ಲಿಯ ಬಾಲ್ಯದ ಅನುಭವ ಈ ನಿರ್ಧಾರದ ಹಿಂದಿತ್ತೆಂದು ಅವರೇ ಹೇಳಿಕೊಂಡರು. ತಾತಯ್ಯನವರಂತೆ ಗೂಗಲ್ಲೂ ಬಾಗಿಲು ಮುಚ್ಚಿತೆಂದು ಹೋಲಿಸುವ ಆಸೆ ನಮಗೂ ಆಗುತ್ತದೆ. ಆದರೆ ಒಂದು ಕಂಪನಿಯನ್ನು ತಾತಯ್ಯನವರ ಪಕ್ಕದಲ್ಲಿ ಕೂರಿಸಲು ಮನಸ್ಸೊಪ್ಪುವುದಿಲ್ಲ. 2018ರಲ್ಲಿ ಅದೇ ಗೂಗಲ್, ಪ್ರತಿಬಂಧಕ್ಕೆ ಒಳಪಟ್ಟ ಇನ್ನೊಂದು ಶೋಧಯಂತ್ರವನ್ನು ಚೀನಾಕ್ಕಾಗಿ ಗುಟ್ಟಾಗಿ ಸಿದ್ಧಪಡಿಸುತ್ತಿದ್ದುದು ಬಯಲಿಗೆ ಬಂದು, ತನ್ನ ನೌಕರರೇ ತಿರುಗಿಬಿದ್ದ ಮೇಲೆ ಅದನ್ನು ಕೈಬಿಟ್ಟಿತು.

ಪ್ರತಿಸ್ಪರ್ಧಿ ಹೊರಟುಹೋದ ಪೇಟೆಯಲ್ಲಿ ಏನಾಯಿತು? 2012ರಲ್ಲಿ ಚೀಹೂ ಎಂಬ ಕಂಪನಿಯು 360 ಎಂಬ ಶೋಧಯಂತ್ರದೊಡನೆ ಬಂದು ಒಂದಷ್ಟು ಪಾಲು ಪಡೆಯಿತು, ಸೋಗೋ ಎಂಬುದೊಂದಿತ್ತು, ಮೈಕ್ರೋಸಾಫ್ಟಿನ ಬಿಂಗ್ ಅಲ್ಲಿಯ ನಿಯಮಗಳಿಗೆ ತಲೆಬಾಗಿ ಉಳಿಯಿತು. ಇವೆಲ್ಲವೂ ಒಂದೇ ಬೇಲಿಯೊಳಗೆ ಮೇಯುವ ಮಂದೆ. ಬೇಲಿಯ ಆಚೆಯದನ್ನು ತೋರಿಸುವ ಪೈಪೋಟಿ ಅವುಗಳಲ್ಲಿ ಸಾಧ್ಯವಿರಲಿಲ್ಲ. 2016ರಲ್ಲಿ ಅಪರೂಪದ ಅರ್ಬುದ ರೋಗಕ್ಕೆ ತುತ್ತಾದ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿಯೊಬ್ಬನು ತೀರಿಕೊಂಡನು. ಬೈದುವಿನಲ್ಲಿ ಹುಡುಕಿದಾಗ ಮೇಲೆಯೇ ಕಂಡ ಬೀಜಿಂಗಿನ ಆಸ್ಪತ್ರೆಯನ್ನು ನಂಬಿ ಆ ಕುಟುಂಬವು ಅಪಾರ ಹಣ ಸುರಿದಿತ್ತು. ಹಣ ಕೊಟ್ಟವರ ಹೆಸರು ಮೇಲೆ ಬರುವ ಜಾಹೀರಾತು ಅದಾಗಿತ್ತು. ಆ ಚಿಕಿತ್ಸೆ ಬೇರೆ ದೇಶಗಳಲ್ಲಿ ಫಲ ಕೊಡದೆ ಕೈಬಿಟ್ಟದ್ದೆಂಬುದು ಆತನಿಗೆ ತಿಳಿದಾಗ ಕಾಲ ಮಿಂಚಿತ್ತು. ದೇಶವೆಲ್ಲ ಕೆರಳಿತು, ಸರ್ಕಾರವು ವಿಚಾರಣೆ ನಡೆಸಿ, ಒಂದು ಪುಟದಲ್ಲಿ ಜಾಹೀರಾತು ನೂರಕ್ಕೆ ಮೂವತ್ತನ್ನು ಮೀರಬಾರದೆಂದು ವಿಧಿಸಿತು. ಬೇರೆ ಶೋಧಯಂತ್ರವಿದ್ದಿದ್ದರೆ ಆ ಹುಡುಗ ಬದುಕುತ್ತಿದ್ದನೆಂದು ನಾವು ಹೇಳುವುದಿಲ್ಲ. ಆತನ ರೋಗ ಕ್ರೂರವಾದುದು. ಆದರೆ ನೆರೆಯವನ ಬಾಯಿಂದ ತಾಳೆ ನೋಡುವ ಅವಕಾಶವನ್ನು ಆ ತಾಯಿತಂದೆಗಳಿಂದ ಕಿತ್ತುಕೊಂಡಿದ್ದುದು ನಿಜ. ರಾಜಕೀಯದ ಮಾತನ್ನು ತಡೆಯಲೆಂದು ಕಟ್ಟಿದ ಗೋಡೆ ಮದ್ದಿನ ಮಾತನ್ನೂ ತಡೆಯಿತು.

ಇದು ಪರದೇಶದ ಕಥೆಯೆಂದು ನಿಶ್ಚಿಂತರಾಗಲು ನಮಗೆ ಆಸ್ಪದವಿಲ್ಲ. ನಮ್ಮಲ್ಲಿ ಗೋಡೆಯಿಲ್ಲದಿದ್ದರೂ ಅಂಗಡಿ ಒಂದೇ. ಭಾರತದಲ್ಲಿ ನಡೆಯುವ ಹುಡುಕಾಟದಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕ ಪಾಲು ಗೂಗಲ್ಲಿನದು. 2018ರ ಫೆಬ್ರವರಿಯಲ್ಲಿ ನಮ್ಮ ಸ್ಪರ್ಧಾ ಆಯೋಗವು, ಫಲಿತಾಂಶಗಳಲ್ಲಿ ತನ್ನದನ್ನೇ ಮುಂದೆ ಮಾಡಿದ್ದಕ್ಕಾಗಿ ಆ ಕಂಪನಿಗೆ 135.86 ಕೋಟಿ ರೂಪಾಯಿ ದಂಡ ವಿಧಿಸಿತು. 2021ರ ಜೂನ್ ತಿಂಗಳ ಆರಂಭದಲ್ಲಿ ನಡೆದುದು ಕನ್ನಡಿಗರಿಗೆಲ್ಲ ನೆನಪಿದೆ. ಭಾರತದ ಅತಿ ಕುರೂಪ ಭಾಷೆ ಯಾವುದೆಂದು ಗೂಗಲ್ಲನ್ನು ಕೇಳಿದರೆ ಅದು ಕನ್ನಡವೆಂದು ಉತ್ತರ ಬರುತ್ತಿತ್ತು. ಯಾರೋ ಎಲ್ಲಿಯೋ ಬರೆದ ಹುಚ್ಚು ಮಾತನ್ನು ಯಂತ್ರವು ಎತ್ತಿ ಪೀಠದ ಮೇಲಿಟ್ಟಿತ್ತು. ನಾಡೆಲ್ಲ ಸಿಡಿದೆದ್ದಿತು, ರಾಜ್ಯದ ಮಂತ್ರಿಗಳು ಕಾನೂನಿನ ಮಾತನಾಡಿದರು, ಗೂಗಲ್ ಕ್ಷಮೆ ಕೇಳಿ ಆ ಉತ್ತರವನ್ನು ತೆಗೆಯಿತು. ತೆಗೆದದ್ದು ಸರಿಯೇ. ಆದರೆ ಆ ದಿನ ನಮಗೆ ನೋವು ಕೊಟ್ಟದ್ದು ಆ ಮಾತಿನ ಕ್ಷುದ್ರತೆಗಿಂತ ಆ ಬಾಯಿಯ ದೊಡ್ಡತನ. ಹತ್ತು ಬಾಯಿಗಳಿದ್ದಿದ್ದರೆ ಅದು ಹತ್ತರಲ್ಲೊಂದು ಹರಟೆಯಾಗುತ್ತಿತ್ತು.

ಪ್ರತಿಬಂಧದ ಕಾನೂನೂ ನಮ್ಮಲ್ಲಿದೆ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಗೆ 2008ರ ತಿದ್ದುಪಡಿಯಿಂದ ಸೇರಿದ 69-ಎ ಕಲಮು, ದೇಶದ ಭದ್ರತೆ, ಸಾರ್ವಜನಿಕ ಶಾಂತಿ ಮೊದಲಾದ ಕಾರಣಗಳಿಗಾಗಿ ಅಂತರ್ಜಾಲದ ಬರಹವನ್ನು ತಡೆಯುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. 2015ರ ಮಾರ್ಚ್ 24ರಂದು ಸರ್ವೋಚ್ಚ ನ್ಯಾಯಾಲಯವು 66-ಎ ಕಲಮನ್ನು ರದ್ದುಗೊಳಿಸಿತಾದರೂ 69-ಎ ಕಲಮನ್ನು ಉಳಿಸಿತು. ಕಾರಣಗಳನ್ನು ಬರೆದಿಡಬೇಕೆಂಬ ಕಟ್ಟುಪಾಡು ಅದರಲ್ಲಿದೆಯೆಂಬುದೇ ಅದಕ್ಕೆ ಒಂದು ಆಧಾರ. ಆದರೆ 2009ರ ನಿಯಮಗಳಲ್ಲಿ ಹದಿನಾರನೆಯದು ದೂರುಗಳನ್ನೂ ಅವುಗಳ ಮೇಲೆ ಕೈಕೊಂಡ ಕ್ರಮವನ್ನೂ ಗೋಪ್ಯವಾಗಿಡಬೇಕೆನ್ನುತ್ತದೆ. ಬರೆದಿಟ್ಟ ಕಾರಣವನ್ನು ಓದುಗನು ಓದಲಾರ. 2020ರ ಜೂನ್ 29ರಂದು ಇದೇ ಕಲಮಿನ ಬಲದಿಂದ ಚೀನಾ ಮೂಲದ 59 ಆಪ್‌ಗಳನ್ನು ನಮ್ಮ ಸರ್ಕಾರ ನಿಷೇಧಿಸಿತು. ಆ ಪಟ್ಟಿಯಲ್ಲಿ ಬೈದುವಿನ ನಕಾಶೆಯೂ ಅನುವಾದ ಯಂತ್ರವೂ ಇದ್ದವು.

2020ರ ಆರಂಭದಲ್ಲಿ ಬೆಂಗಳೂರಿನವರು ‘ಕೂ’ ಎಂಬ ಸಂದೇಶ ತಾಣವನ್ನು ಮೊದಲು ಕನ್ನಡದಲ್ಲಿಯೇ ಆರಂಭಿಸಿದ್ದು ನಮಗೆ ಹೆಮ್ಮೆ ತಂದ ಸಂಗತಿ. 2021ರ ಫೆಬ್ರವರಿಯಲ್ಲಿ, ರೈತ ಚಳವಳಿಯ ಸಂದರ್ಭದಲ್ಲಿ ಸಾವಿರಕ್ಕೂ ಹೆಚ್ಚು ಖಾತೆಗಳನ್ನು ತಡೆಯಬೇಕೆಂದು ಸರ್ಕಾರ ಹೇಳಿದಾಗ ಟ್ವಿಟರ್ ಪೂರ್ತಿಯಾಗಿ ಒಪ್ಪಲಿಲ್ಲ; ಕೇಂದ್ರದ ಮಂತ್ರಿಗಳು ಜನರನ್ನು ‘ಕೂ’ಗೆ ಕರೆದರು. ಆ ವರ್ಷದ ಜೂನಿನಲ್ಲಿ ಟ್ವಿಟರನ್ನು ನಿಷೇಧಿಸಿದ ನೈಜೀರಿಯದ ಸರ್ಕಾರವೂ ಅಲ್ಲಿಗೇ ಬಂದಿತು. ಆದರೆ ನಮ್ಮಲ್ಲಿ ಟ್ವಿಟರ್ ಹೊರಹೋಗಲಿಲ್ಲ. ಬೈದುವಿಗೆ ಒದಗಿದ ತೆರವು ‘ಕೂ’ಗೆ ಒದಗಲಿಲ್ಲ. ಹಣ ಸಾಲದೆ, ಕೊಳ್ಳುವವರು ದೊರೆಯದೆ 2024ರ ಜುಲೈನಲ್ಲಿ ಅದು ಮುಚ್ಚಿತು. ಕನ್ನಡದ ಒಂದು ಬಾಯಿ ಹೀಗೆ ಹೋದದ್ದು ದುಃಖದ ವಿಷಯ. ಮಂತ್ರಿಗಳ ಆಶೀರ್ವಾದದ ಹೊರತಾಗಿ ತನ್ನ ಗುಣದಿಂದಲೇ ಅದು ನಿಂತಿದ್ದರೆ ಎಷ್ಟು ಚೆನ್ನಾಗಿತ್ತು!

ಟ್ವಿಟರ್ ಚೀನಾದಲ್ಲಿ ಮಾಡಲಾಗದುದನ್ನು ಇಲ್ಲಿ ಮಾಡಿತು. ತಡೆಯಾಜ್ಞೆಗಳನ್ನು ಪ್ರಶ್ನಿಸಿ 2022ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ದೀಕ್ಷಿತರು ಆ ಅರ್ಜಿಯನ್ನು ವಜಾ ಮಾಡಿ, ಆಜ್ಞೆಗಳನ್ನು ಬಹುಕಾಲ ಪಾಲಿಸದೆ ಬಂದುದಕ್ಕಾಗಿ ಐವತ್ತು ಲಕ್ಷ ರೂಪಾಯಿಗಳನ್ನು ಕಟ್ಟುವಂತೆ ವಿಧಿಸಿದರು. ಎಕ್ಸ್ ಎಂದು ಹೆಸರು ಬದಲಿಸಿಕೊಂಡ ಕಂಪನಿಯು 2025ರಲ್ಲಿ ಮತ್ತೊಮ್ಮೆ ಬಂದಿತು. 69-ಎ ಕಲಮಿನ ಕಟ್ಟುಪಾಡುಗಳಿಲ್ಲದೆಯೇ ಹಲವು ಇಲಾಖೆಗಳು ‘ಸಹಯೋಗ’ ಎಂಬ ತಾಣದ ಮೂಲಕ ಬರಹ ತೆಗೆಸುತ್ತವೆ ಎಂಬುದು ಈ ಸಲದ ತಕರಾರು. ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ನಾಗಪ್ರಸನ್ನ ಅವರು ಅದನ್ನೂ ತಳ್ಳಿಹಾಕಿದರು. ಕಂಪನಿಯು ಮೇಲ್ಮನವಿ ಸಲ್ಲಿಸುವುದಾಗಿ ಪ್ರಕಟಿಸಿತು. ಎರಡೂ ತೀರ್ಪುಗಳನ್ನು ನಾವು ಓದಬಹುದು, ಒಪ್ಪದಿರಬಹುದು. ಅವುಗಳ ಹಿಂದಿರುವ ತಡೆಯಾಜ್ಞೆಗಳಲ್ಲಿ ಬಹುಪಾಲನ್ನು ಸರ್ಕಾರ ಪ್ರಕಟಿಸಿಲ್ಲ.