ದಿ ನಿಕ್

ಅಮೆರಿಕದ ಸಿನೆಮ್ಯಾಕ್ಸ್ ವಾಹಿನಿಯಲ್ಲಿ 2014ರ ಆಗಸ್ಟ್‌ನಿಂದ 2015ರ ಡಿಸೆಂಬರ್‌ವರೆಗೆ ಎರಡು ಸೀಸನ್‌ಗಳಲ್ಲಿ ಪ್ರಸಾರವಾದ, 20 ಕಂತುಗಳ ಧಾರಾವಾಹಿ. ಕಥೆ ನಡೆಯುವುದು 1900ರ ನ್ಯೂಯಾರ್ಕಿನ ನಿಕ್ಕರ್‌ಬಾಕರ್ ಆಸ್ಪತ್ರೆಯಲ್ಲಿ. ಆ ಹೆಸರಿನ ಆಸ್ಪತ್ರೆ ಹಾರ್ಲೆಮ್‌ನಲ್ಲಿ ನಿಜಕ್ಕೂ ಇತ್ತು. ತೆರೆಯ ಮೇಲಿನದು ಹೆಸರನ್ನಷ್ಟೇ ಎರವಲು ಪಡೆದಿದೆ. ಜಾಕ್ ಏಮಿಯಲ್ ಮತ್ತು ಮೈಕೆಲ್ ಬೆಗ್ಲರ್ ಹೆಣೆದ ಕಥೆಯ ಅಷ್ಟೂ ಕಂತುಗಳನ್ನು ನಿರ್ದೇಶಿಸಿದವರು ಸ್ಟೀವನ್ ಸೋಡರ್‌ಬರ್ಗ್. ಬೇರೆ ಹೆಸರುಗಳಲ್ಲಿ ಛಾಯಾಗ್ರಹಣ, ಸಂಕಲನವೂ ಅವರದೇ.

ಮೊದಲ ಕಂತಿನಲ್ಲೇ ಒಂದು ಸಿಸೇರಿಯನ್. ಸುತ್ತಲಿನ ಗ್ಯಾಲರಿಯಲ್ಲಿ ಸೂಟುಧಾರಿ ವೈದ್ಯರು ಕೂತು ನೋಡುತ್ತಿರುತ್ತಾರೆ. ಕೆಳಗೆ ಬರಿಗೈಯಲ್ಲೇ ಕತ್ತರಿಸುವ ಸರ್ಜನ್ನರು. ಕೈಯಿಂದ ತಿರುಗಿಸುವ ಪಂಪು ರಕ್ತವನ್ನು ಹೀರುತ್ತಿದ್ದಂತೆ ಗಾಜಿನ ಜಾಡಿ ತುಂಬುತ್ತ ಹೋಗುತ್ತದೆ. ತಾಯಿಯೂ ಉಳಿಯುವುದಿಲ್ಲ, ಮಗುವೂ ಉಳಿಯುವುದಿಲ್ಲ. ಮುಖ್ಯ ಸರ್ಜನ್ ತನ್ನ ಕೋಣೆಗೆ ಹೋಗಿ ಗುಂಡು ಹಾರಿಸಿಕೊಳ್ಳುತ್ತಾನೆ. ವೈದ್ಯರನ್ನು ದೇವರಾಗಿಸುವ ಆಸ್ಪತ್ರೆ ಕಥೆಗಳಿಗಿಂತ ಇದು ಬೇರೆಯೆಂದು ಅಲ್ಲಿಗೇ ತಿಳಿದುಬಿಡುತ್ತದೆ.

ಆ ಹುದ್ದೆಗೆ ಬರುವವನು ಜಾನ್ ಥ್ಯಾಕರಿ (ಕ್ಲೈವ್ ಓವನ್). ಚುರುಕು ಕೈ, ಕೊಕೇನ್ ಚಟ. ಈ ಪಾತ್ರದ ಹಿಂದೆ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ ಅವರ ನೆರಳಿದೆ. ಕೊಕೇನನ್ನು ಅರಿವಳಿಕೆಯಾಗಿ ತಮ್ಮ ಮೇಲೇ ಪ್ರಯೋಗಿಸಿಕೊಳ್ಳುತ್ತ ಅವರೂ ಚಟಕ್ಕೆ ಬಿದ್ದಿದ್ದರು. ಶಸ್ತ್ರಚಿಕಿತ್ಸೆಗೆ ರಬ್ಬರ್ ಗ್ಲೌಸ್ ತಂದ ಹೆಸರೂ ಅವರದೇ.

ಕಥೆಯ ನೈತಿಕ ಭಾರ ಹೊರುವುದು ಥ್ಯಾಕರಿಯಲ್ಲ, ಕಪ್ಪು ವರ್ಣದ ವೈದ್ಯ ಆಲ್ಜರ್‌ನನ್ ಎಡ್ವರ್ಡ್ಸ್ (ಆಂಡ್ರೆ ಹಾಲೆಂಡ್). ಯುರೋಪಿನಲ್ಲಿ ಪಳಗಿದವನಾದರೂ ಮೇಲಿನ ಥಿಯೇಟರಿನಲ್ಲಿ ಅವನಿಗೆ ಜಾಗವಿಲ್ಲ. ವಾರ್ಡಿಗೆ ಸೇರಿಸಿಕೊಳ್ಳದ ಕಪ್ಪು ರೋಗಿಗಳಿಗೆ ಅವನು ನೆಲಮಾಳಿಗೆಯಲ್ಲಿ ಗುಟ್ಟಾಗಿ ಚಿಕಿತ್ಸೆ ಕೊಡುತ್ತಾನೆ.

ಸಿಫಿಲಿಸ್‌ನಿಂದ ಮೂಗು ಕಳೆದುಕೊಂಡ ಹೆಣ್ಣೊಬ್ಬಳಿಗೆ ತೋಳಿನ ಚರ್ಮದಿಂದ ಮೂಗು ಕಟ್ಟುವ ಪ್ರಸಂಗ ಇನ್ನೊಂದು. ಅದು ಹಳೆಯ ಇಟಲಿಯ ಪದ್ಧತಿ. ಹಣೆಯ ಚರ್ಮ ಬಳಸುವ ಭಾರತದ ಪದ್ಧತಿ 1794ರಲ್ಲಿ ಲಂಡನ್ ಪತ್ರಿಕೆಯೊಂದರಲ್ಲಿ ವರದಿಯಾಗಿತ್ತು. ಅದರ ರೋಗಿ, ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕು ಮೂಗು ಕಳೆದುಕೊಂಡ, ಬ್ರಿಟಿಷ್ ಪಡೆಯ ಬಂಡಿ ಹೊಡೆಯುವ ಕೋವಾಸ್‌ಜಿ.

ಕುದುರೆಗಾಡಿ, ಗ್ಯಾಸ್‌ದೀಪಗಳ ಕಾಲಕ್ಕೆ ಕ್ಲಿಫ್ ಮಾರ್ಟಿನೆಜ್ ಎಲೆಕ್ಟ್ರಾನಿಕ್ ಸಂಗೀತ ಹೊಂದಿಸಿದ್ದು ಮೊದಮೊದಲು ಕಿವಿಗೆ ಒಗ್ಗದು. ಎರಡು ಕಂತು ಕಳೆದರೆ ಬೇರೆ ಯಾವುದೂ ಹೊಂದದೆನಿಸುತ್ತದೆ.

ಕಡೆಯ ಕಂತಿನಲ್ಲಿ ಥ್ಯಾಕರಿ ಕನ್ನಡಿ ಇಟ್ಟುಕೊಂಡು ತನ್ನ ಕರುಳಿಗೆ ತಾನೇ ಶಸ್ತ್ರಚಿಕಿತ್ಸೆ ಮಾಡಿಕೊಳ್ಳುತ್ತಾನೆ. ಇದು ಉತ್ಪ್ರೇಕ್ಷೆ ಎನ್ನುವವರು ಪೆನ್ಸಿಲ್ವೇನಿಯಾದ ಸರ್ಜನ್ ಇವಾನ್ ಓನೀಲ್ ಕೇನ್ ಅವರನ್ನು ನೆನೆಯಬೇಕು: 1921ರಲ್ಲಿ ಅವರು ತಮ್ಮ ಅಪೆಂಡಿಕ್ಸನ್ನು ತಾವೇ ಕತ್ತರಿಸಿ ತೆಗೆದು, ಬದುಕಿ ಉಳಿದಿದ್ದರು.