ನಮ್ಮ ಪಡಸಾಲೆಗೆ ಬಂದ ಮೀನಿನ ತೊಟ್ಟಿ, ಅದರ ಹಿಂದಿನ ಕಥೆ

ಹೊಗೆಸೊಪ್ಪು ಬೇಯಿಸೋ ಕೆಲಸ ಮುಗಿದು ವಸಿ ಪುರುಸೊತ್ತು ಸಿಕ್ಕಿದೆ. ಈ ಸಲ ಬೆಳೆ ವಿಚಾರ ಅಲ್ಲ, ಮೀನಿನ ವಿಚಾರ. ಅದೂ ಪಡಸಾಲೆಯಲ್ಲಿ ಗಾಜಿನ ತೊಟ್ಟೀಲಿರೋ ಮೀನು. ನಮಗ್ಯಾಕೆ ಅನ್ನಬೇಡಿ, ಕೊನೆಗೆ ಕೆರೆ ಏರಿಗೇ ಬರ್ತೀನಿ.

ಮೈಸೂರಲ್ಲಿರೋ ಮಗಳು ಅಳಿಯ ಮನೆ ಬದಲಾಯಿಸುವಾಗ ಇದನ್ನ ನಮ್ಮನೆಗೆ ಕಳಿಸಿದ್ರು. ನಾಲ್ಕಡಿ ಉದ್ದ, ಅಗಲ ಎತ್ತರ ಒಂದೂವರೆ ಅಡಿ. ಅಂದ್ರೆ 9 ಘನ ಅಡಿ, ಸುಮಾರು 250 ಲೀಟರ್ ನೀರು. ಗಾಜು, ಮರಳು ಸೇರಿದ್ರೆ ತೂಕ 300 ಕೆಜಿ ದಾಟುತ್ತೆ, ಆರು ಮೂಟೆ ಡಿಎಪಿ ಪೇರಿಸಿದಂಗೆ. ಟಿವಿ ಸ್ಟ್ಯಾಂಡ್ ಮೇಲೆ ಇಡೋಣ ಅಂದ ಮಗನಿಗೆ ಬೈದು, ಸೈಜುಗಲ್ಲಿನ ಕಟ್ಟೆ ಕಟ್ಟಿಸಿ, ಮಟ್ಟ ನೋಡಿ, ಥರ್ಮಾಕೋಲ್ ಹಾಸಿ ಇಟ್ಟೆ. ಅಷ್ಟು ಬುದ್ಧಿ ಇತ್ತು. ಮೀನು ಬಿಡೋ ವಿಷಯದಲ್ಲಿ ಇರಲಿಲ್ಲ. ಬೋರ್‌ವೆಲ್ ನೀರು ತುಂಬಿಸಿ ಮಾರನೇ ದಿನವೇ 20 ಮೀನು ಬಿಟ್ಟೆ. ಹತ್ತು ದಿನದಲ್ಲಿ 14 ಸತ್ತವು. ನಮ್ಮಾಕೆ ದಿನಾ ಬೆಳಿಗ್ಗೆ ಒಂದೊಂದನ್ನ ತೆಗೆದು ತೆಂಗಿನ ಬುಡಕ್ಕೆ ಹಾಕೋಳು. "ಯಾಕ್ರೀ ಈ ಪಾಪ ನಮಗೆ" ಅಂದ್ಲು.

ಯಾಕೆ ಸತ್ತವು ಅಂತ ಹುಡುಕ್ತಾ ಹೋದಾಗ ಈ ಕಥೆ ಸಿಕ್ತು. ಚೀನಾದವರು ಸಾವಿರ ವರ್ಷದ ಹಿಂದೆಯೇ ಚಿನ್ನದ ಮೀನು ಸಾಕ್ತಿದ್ರು, ಆದ್ರೆ ಕೊಳದಲ್ಲಿ, ಪಿಂಗಾಣಿ ತೊಟ್ಟೀಲಿ. ಗಾಜಿನ ತೊಟ್ಟೀಲಿ ಮೀನು ಬಾಳಿಸೋ ಲೆಕ್ಕ ಬರೆದಿಟ್ಟೋನು ಲಂಡನ್ನಿನ ರಾಬರ್ಟ್ ವಾರಿಂಗ್ಟನ್, ರಸಾಯನಶಾಸ್ತ್ರದೋನು. ಎರಡು ಚಿನ್ನದ ಮೀನು, ಪಟ್ಟಿಯಂಥ ಎಲೆಯ ಒಂದು ನೀರುಗಿಡ. ಕೊಳೆತ ಎಲೆಯಿಂದ ನೀರು ಕೆಡೋಕೆ ಶುರುವಾದಾಗ ಬಸವನಹುಳು ಬಿಟ್ಟ. ಹುಳು ಕೊಳೆ ತಿಂತು, ಗಿಡ ಗಾಳಿ ಕೊಡ್ತು, ಮೀನು ಬದುಕಿತು. ಇದನ್ನ 1850ರಲ್ಲಿ ಪ್ರಕಟಿಸಿದ. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಜನ ಟಿಕೆಟ್ ಕೊಟ್ಟು ಮೀನು ನೋಡಿದ್ರು. ಮಾರನೇ ವರ್ಷ ಫಿಲಿಪ್ ಗಾಸ್ ಅನ್ನೋರ ಪುಸ್ತಕದಿಂದ 'ಅಕ್ವೇರಿಯಂ' ಅನ್ನೋ ಹೆಸರು ಮನೆಮಾತಾಯ್ತು. ಗಾಜಿನ ಮೇಲಿನ ತೆರಿಗೆಯನ್ನ 1845ರಲ್ಲಿ ತೆಗೆದಿದ್ದೂ ಇದಕ್ಕೆ ಅನುಕೂಲ ಆಯ್ತು. ತೆರಿಗೆ ಇಳಿದ್ರೆ ಏನೆಲ್ಲ ಆಗುತ್ತೆ ನೋಡಿ!

ವಾರಿಂಗ್ಟನ್‌ಗೂ ಗೊತ್ತಿಲ್ಲದ ಒಂದು ವಿಷಯ ಇತ್ತು. ಮೀನಿನ ಕಿವಿರಿನಿಂದ, ಮಿಕ್ಕ ಮೇವಿನಿಂದ ನೀರಿಗೆ ಅಮೋನಿಯ ಸೇರುತ್ತೆ. ಯೂರಿಯಾ ಮೂಟೆ ಬಿಚ್ಚಿದಾಗ ಮೂಗಿಗೆ ಹೊಡೆಯುತ್ತಲ್ಲ, ಅದೇ. ಅದು ಮೀನಿಗೆ ವಿಷ. ಒಂದು ಜಾತಿ ಸೂಕ್ಷ್ಮಜೀವಿ ಅದನ್ನ ನೈಟ್ರೈಟ್ ಮಾಡುತ್ತೆ, ಅದೂ ವಿಷವೇ. ಇನ್ನೊಂದು ಜಾತಿ ಅದನ್ನ ನೈಟ್ರೇಟ್ ಮಾಡುತ್ತೆ, ಅದು ಗಿಡಕ್ಕೆ ಊಟ. ರಷ್ಯಾದ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೆ ಈ ಜೀವಿಗಳನ್ನ ಮಣ್ಣಿನಿಂದ ಬೇರ್ಪಡಿಸಿ ತೋರಿಸಿದ. ನಮ್ಮ ಹೊಲದಲ್ಲಿ ನಡೆಯೋ ಕೆಲಸವೇ ತೊಟ್ಟೀಲೂ ನಡೀಬೇಕು. ಹೊಸ ತೊಟ್ಟಿಯ ಮರಳಲ್ಲಿ, ಫಿಲ್ಟರ್ ಸ್ಪಂಜಿನಲ್ಲಿ ಆ ಜೀವಿ ಬೆಳೆಯೋಕೆ ನಾಲ್ಕರಿಂದ ಆರು ವಾರ ಬೇಕು. ಕಾಯದೆ ಬಿಟ್ಟೆ, 14 ಹೋದವು.

ಎರಡನೇ ಸಲ ಹಂಗೆ ಮಾಡಲಿಲ್ಲ. ಪರಿಚಯದೋರ ಹಳೇ ತೊಟ್ಟಿಯಿಂದ ಒಂದು ಹಿಡಿ ಮರಳು, ಸ್ಪಂಜು ಇಸ್ಕೊಂಡು ಬಂದೆ, ಮೊಸರಿಗೆ ಹೆಪ್ಪು ಹಾಕಿದಂಗೆ. ಮೊದಲು ನಾಲ್ಕು ಮೀನು, ಮೂರು ವಾರ ಬಿಟ್ಟು ಇನ್ನು ನಾಲ್ಕು. ವಾರಕ್ಕೆ ಕಾಲು ಭಾಗ ನೀರು ತೆಗೆದು ಕರಿಬೇವಿಗೆ ಹಾಕ್ತೀನಿ, ಗಿಡ ಕಪ್ಪಗೆ ಬಂದಿದೆ. ಔಷಧಿ ಹೊಡೆದ ಕೈಯಲ್ಲಿ, ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಮಾತ್ರ ಮೇವು ಹಾಕಬೇಡಿ.

ನಮ್ಮ ಕಡೆ ಮೀನಿಗೂ ಈ ಚರಿತ್ರೆಯಲ್ಲಿ ಜಾಗ ಇದೆ. ಕಂಪನಿ ಸರ್ಕಾರದ ಡಾಕ್ಟರ್ ಥಾಮಸ್ ಜೆರ್ಡನ್ ಶ್ರೀರಂಗಪಟ್ಟಣದ ಕಾವೇರಿಯಲ್ಲಿ ಸಿಕ್ಕ ಒಂದು ಪಕ್ಕೆ ಜಾತಿ ಮೀನನ್ನ 1849ರಲ್ಲಿ ದಾಖಲಿಸಿದ. ಅಂಗಡಿಯೋರು ಅದನ್ನ ಅರುಲಿಯಸ್ ಬಾರ್ಬ್ ಅಂತಾರೆ, ಮೈಮೇಲೆ ಕಪ್ಪು ಮಚ್ಚೆ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಮೀನುಗಾರಿಕೆ ಇಲಾಖೆಯ ಮತ್ಸ್ಯಾಲಯ ಶುರುವಾಗಿದ್ದು 1983ರಲ್ಲಿ. ಗಾಜಿನ ಹಿಂದೆ ಮೀನು ಆಡೋದನ್ನ ನಾನು ಮೊದಲು ನೋಡಿದ್ದು ಅಲ್ಲೇ.

ಈಗ ಕೆರೆಗೆ ಬರೋಣ. ನಮ್ಮ ಸಂತೆಯಲ್ಲಿ ಜಿಲೇಬಿ ಅಂತ ಮಾರ್ತಾರಲ್ಲ, ಅದು ತಿಲಾಪಿಯ, ಆಫ್ರಿಕಾದ್ದು. ನಮ್ಮ ದೇಶಕ್ಕೆ ತಂದಿದ್ದು 1952ರಲ್ಲಿ, ಬಡವರಿಗೆ ಅಗ್ಗದ ಮೀನು ಸಿಗಲಿ ಅಂತ. ಉದ್ದೇಶ ಒಳ್ಳೇದೇ. ಆದ್ರೆ ಅದು ಮರಿಯನ್ನ ಬಾಯಲ್ಲಿಟ್ಕೊಂಡು ಕಾಯುತ್ತೆ, ಎರಡು ಮೂರು ತಿಂಗಳಿಗೇ ಮರಿ ಹಾಕೋಕೆ ಶುರು ಮಾಡುತ್ತೆ. ಈಗ ಕೆರೆ ಬಲೆ ಎಳೆದ್ರೆ ಗೆಂಡೆ, ಪಕ್ಕೆ ಎಷ್ಟು, ಜಿಲೇಬಿ ಎಷ್ಟು, ನೀವೇ ನೋಡಿದೀರಿ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕೋದನ್ನ ಸರ್ಕಾರ ನಿಷೇಧಿಸಿದೆ, ಆದ್ರೂ ಕದ್ದು ಸಾಕೋರು ಇದಾರೆ.

ಇವೆರಡೂ ತಿನ್ನೋಕೆ ಬಂದವು. ಮೂರನೆಯದು ಗಾಜಿನ ತೊಟ್ಟಿಯಿಂದಲೇ ಬಂತು. ಗಾಜಿನ ಪಾಚಿ ನೆಕ್ಕುತ್ತೆ ಅಂತ ಬೆರಳುದ್ದದ ಸಕ್ಕರ್ ಮೀನು ಕೊಡ್ತಾರೆ, ದಕ್ಷಿಣ ಅಮೆರಿಕದ್ದು. ಅದು ಒಂದಡಿ ಮೇಲೆ ಬೆಳೆಯುತ್ತೆ. ಸಾಕೋಕಾಗದೆ ಜನ ಕೆರೆಗೆ ಬಿಟ್ರು. ಆಂಧ್ರ, ಕೇರಳದ ನೀರಲ್ಲೆಲ್ಲ ಹರಡಿದೆ. ಮೈ ಪೂರ್ತಿ ಗಟ್ಟಿ ಚಿಪ್ಪು, ಮುಳ್ಳು. ಬಲೆ ಹರಿಯುತ್ತೆ, ಕೊಳ್ಳೋರಿಲ್ಲ. ನಮಗೆ ಮುಖ್ಯವಾದ್ದು ಇನ್ನೊಂದು: ಮೊಟ್ಟೆ ಇಡೋಕೆ ದಡದ ಮಣ್ಣಲ್ಲಿ ಉದ್ದಕ್ಕೆ ಬಿಲ ಕೊರೆಯುತ್ತೆ. ಕೆರೆ ಏರಿಗೆ ಏಡಿ, ಹೆಗ್ಗಣವೇ ಸಾಕಾಗಿದೆ, ಇದೂ ಸೇರಿದ್ರೆ?

ನಮ್ಮ ತೊಟ್ಟಿಯ ಸಕ್ಕರ್ ಈಗ ಮುಕ್ಕಾಲು ಅಡಿ ಇದೆ. ಕಳೆದ ಭಾನುವಾರ ಮಗ ಬಕೆಟ್ಟಿಗೆ ಹಾಕ್ಕೊಂಡು, "ಅಪ್ಪ, ಕೆರೆಗೆ ಬಿಟ್ಬರ್ತೀನಿ, ಪುಣ್ಯ ಬರುತ್ತೆ" ಅಂತ ಹೊರಟ. ಬಾಗಿಲಲ್ಲೇ ತಡೆದೆ. ನಮ್ಮ ಕೆರೆ ಕೋಡಿ ಬಿದ್ರೆ ನೀರು ಲಕ್ಷ್ಮಣತೀರ್ಥಕ್ಕೆ, ಅಲ್ಲಿಂದ ಕನ್ನಂಬಾಡಿಗೆ. ಕೋಟೆ ಕಡೆಯೋರದ್ದು ಕಬಿನಿಗೆ, ಅದೂ ತಿರುಮಕೂಡಲಲ್ಲಿ ಕಾವೇರಿಗೇ ಸೇರುತ್ತೆ. ಒಂದು ಬಕೆಟ್ ಎಲ್ಲಿವರೆಗೂ ಹೋಗುತ್ತೆ ಯೋಚನೆ ಮಾಡಿ.

ಅದಕ್ಕೇ ಕೊಟ್ಟಿಗೆ ಪಕ್ಕದ ಹಳೇ ಸಿಮೆಂಟ್ ತೊಟ್ಟಿ ತೊಳೆದು, ನೀರು ತುಂಬಿಸಿ, ಅಲ್ಲಿಗೆ ಬಿಟ್ಟಿದೀನಿ. ಮೇಲೆ ಜಾಲರಿ ಕಟ್ಟಿದೀನಿ. ಇನ್ನೂ ಜಾಗ ಇದೆ. ಸುತ್ತಮುತ್ತ ಯಾರ ಮನೇಲಾದ್ರೂ ಸಕ್ಕರ್ ದೊಡ್ಡದಾಗಿ ಬೇಡ ಅನ್ನಿಸಿದ್ರೆ ಕೆರೆಗೆ, ನಾಲೆಗೆ ಬಿಡಬೇಡಿ, ನಮ್ಮನೆಗೆ ತಂದ್ಕೊಡಿ. ಬರೋ ಮುಂಚೆ ಒಂದು ಫೋನ್ ಮಾಡಿ, ಸಂಜೆ ಹೊತ್ತು ಮನೇಲಿರ್ತೀನಿ.