ಚೈತ್ರ ಶುದ್ಧ ಪಂಚಮಿ: ಒಂದೇ ತಿಥಿ, ಎರಡು ಶಾಸನ

ಬೇಲೂರಿನ ಚೆನ್ನಕೇಶವ, ಅಂದ್ರೆ ಶಾಸನದ ವಿಜಯನಾರಾಯಣ, ಪ್ರತಿಷ್ಠೆಯಾದದ್ದು ಕ್ರಿ.ಶ. 1117ರ ಮಾರ್ಚ್ 10ರಂದು ಅಂತ ಓದಿರುತ್ತೀರಿ. ಲೆಕ್ಕ ಸರಿಯಾಗೇ ಇದೆ. ಆದರೆ ಶಾಸನ ಬರೆಸಿದವರಿಗೆ ಮಾರ್ಚ್ ಗೊತ್ತಿರಲಿಲ್ಲ. ಅವರ ದಿನ ಶಕವರ್ಷ 1039, ಹೇಮಲಂಬಿ ಸಂವತ್ಸರದ ಚೈತ್ರ ಶುದ್ಧ ಪಂಚಮಿ. ಯುಗಾದಿಯಾಗಿ ನಾಲ್ಕು ದಿನಕ್ಕೆ ಬರುವ ತಿಥಿ.

ಈಗ ನಮ್ಮ ತಿಪಟೂರಿನಿಂದ ದಕ್ಷಿಣಕ್ಕೆ, ಶ್ರವಣಬೆಳಗೊಳದ ಚಿಕ್ಕಬೆಟ್ಟಕ್ಕೆ ಬನ್ನಿ. ವಿಷ್ಣುವರ್ಧನನ ಪಟ್ಟದರಸಿ ಶಾಂತಲದೇವಿ ಶಿವಗಂಗೆಯಲ್ಲಿ ತೀರಿಕೊಂಡದ್ದನ್ನು ಅಲ್ಲಿನ ಶಾಸನ ಹೇಳುತ್ತೆ. ವಿರೋಧಿಕೃತ್ ಸಂವತ್ಸರ, ಕ್ರಿ.ಶ. 1131. ತಿಥಿ? ಚೈತ್ರ ಶುದ್ಧ ಪಂಚಮಿ! ಹೇಮಲಂಬಿಯಿಂದ ಬೆರಳು ಮಡಚಿ ಎಣಿಸಿ, ಸರಿಯಾಗಿ 14 ವರ್ಷ.

ಇಂಗ್ಲಿಷ್ ತಾರೀಕಿಗೆ ತಂದ ಕೂಡಲೇ ಈ ಹೊಂದಿಕೆ ಕಾಣೆಯಾಗುತ್ತೆ, ಎರಡೂ ಬೇರೆ ಬೇರೆ ದಿನಕ್ಕೆ ಬೀಳುತ್ತವೆ. ನಮ್ಮಲ್ಲಿ "ಇತಿಹಾಸದಲ್ಲಿ ಈ ದಿನ" ಬರೆಯುವವರು ಮೊದಲು ಪಂಚಾಂಗ ನೋಡಬೇಕು ಅನ್ನೋದು ಇದಕ್ಕೇ.

ಬೇಲೂರು ಶಾಂತಲೆಗೆ ಗಂಡ ಕಟ್ಟಿಸಿದ ಗುಡಿ ಮಾತ್ರ ಅಲ್ಲ. ಅದೇ ಪ್ರಾಕಾರದಲ್ಲಿರುವ ಕಪ್ಪೆ ಚೆನ್ನಿಗರಾಯನನ್ನು ಮಾಡಿಸಿದವಳು ಅವಳೇ. ಹಾಗಾದರೆ ಆ ಪಂಚಮಿಯನ್ನು ನೆನೆದೇ ಪ್ರಾಣ ಬಿಟ್ಟಳೇ? ಕಾದಂಬರಿ, ನಾಟಕ ಓದಿ ಬೆಳೆದ ನಮ್ಮ ಮನಸ್ಸು ತಕ್ಷಣ ಹೌದು ಅನ್ನುತ್ತೆ. ನಾನು ಅಷ್ಟು ದೂರ ಹೋಗಲಾರೆ. ಶಾಸನ "ಮುಡಿಪಿ" ಅನ್ನುವ ಒಂದೇ ಮಾತಿನಲ್ಲಿ ಅವಳ ಸಾವನ್ನು ಮುಗಿಸಿಬಿಡುತ್ತದೆ, ಕಾರಣ ಹೇಳುವುದಿಲ್ಲ. ಜೈನ ಶಾಸನಗಳಲ್ಲಿ ವ್ರತ ಹಿಡಿದು ದೇಹ ಬಿಟ್ಟವರಿಗೂ ಈ ಮಾತು ಬಳಕೆಯಲ್ಲಿದೆ ನಿಜ. ಆದರೂ ಅದೇ ಶಾಸನ ತಾಯಿ ಮಾಚಿಕಬ್ಬೆಯ ವಿಷಯಕ್ಕೆ ಬಂದಾಗ ಎಷ್ಟು ಬಿಡಿಸಿ ಹೇಳುತ್ತೆ ನೋಡಿ. ಮಗಳ ಅಗಲಿಕೆ ತಾಳಲಾರದೆ ಬೆಳಗೊಳಕ್ಕೆ ಬಂದಳು, ಸನ್ಯಸನ ಕೈಗೊಂಡಳು, ಒಂದು ತಿಂಗಳು ಅನ್ನ ಬಿಟ್ಟು ತೀರಿಕೊಂಡಳು. ಮಗಳೂ ಹಾಗೇ ಹೋಗಿದ್ದರೆ ಬರೆಸಿದವರು ಅದನ್ನು ಅಭಿಮಾನದಿಂದಲೇ ಬರೆಸುತ್ತಿದ್ದರು ಅಂತ ನನಗನ್ನಿಸುತ್ತೆ. ಗಂಡುಮಗು ಇಲ್ಲದ ಕೊರಗಿಗೆ ಪ್ರಾಣ ಕಳಕೊಂಡಳು ಅನ್ನೋ ಕಥೆಗಂತೂ ಆ ಕಲ್ಲಿನಲ್ಲಿ ಆಧಾರವಿಲ್ಲ. ಶಿವಗಂಗೆಯಲ್ಲಿ ಇವತ್ತಿಗೂ ಬಂಡೆಯ ತುದಿ ತೋರಿಸಿ ಅದನ್ನೇ ಹೇಳ್ತಾರೆ.

ಹೇಮಲಂಬಿ 15 ಸುತ್ತು ಸುತ್ತಿ 2017ರಲ್ಲಿ ಮತ್ತೆ ಬಂದಿತ್ತು. ಮಾರ್ಚ್ 10ಕ್ಕೆ ಇನ್ನೂ ಯುಗಾದಿಯೇ ಆಗಿರಲಿಲ್ಲ, ಬೇಲೂರಿನ ಪಂಚಮಿ ಬಿದ್ದದ್ದು ಏಪ್ರಿಲ್ 1ಕ್ಕೆ. ವಿರೋಧಿಕೃತ್ ಬರುವುದು 2031ರಲ್ಲಿ. ಶಾಂತಲೆ ಹೋಗಿ ಆಗ 900 ವರ್ಷ.